ಪಹಣಿಯ 12ನೇ ಕಾಲಂ

ರಾಯಚೂರು

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಸಂಶೋಧನೆಯ ಕರಡು ನಿಧಾನಕ್ಕೆ ಓದಿದೆ. ಕಲ್ಲಿದ್ದಲು ಬಿಟ್ಟು ಬಿಸಿಲು-ಗಾಳಿಯ ಕರೆಂಟಿಗೆ ಹೋಗುವುದು, ಕೂಲಿಗಾಗಿ ಬೇರೆ ಊರಿಗೆ ಗುಳೆ ಹೋಗುವವರ ಕಾನೂನು, ಬ್ರಿಟಿಷರು ಬಿಟ್ಟುಹೋದ ಆಡಳಿತ, ಮೂರನ್ನೂ ಎತ್ತಿಕೊಂಡಿದ್ದೀಯ. ಚಲೋ ಆಯಿತು. ಆದರೆ ಮೂರೂ ಬೇರೆ ಬೇರೆ ಅಧ್ಯಾಯದಲ್ಲಿ ಕೂತಿವೆ, ಒಂದಕ್ಕೊಂದು ಮಾತೇ ಇಲ್ಲ. ನಿಮ್ಮ ಸಿದ್ಧಾಂತಗಳು ನನಗೆ ಜಾಸ್ತಿ ಗೊತ್ತಿಲ್ಲಮ್ಮ. ತಾಲ್ಲೂಕು ಕಚೇರಿಯಲ್ಲಿ ಪಹಣಿ, ಅಂದರೆ ಹೊಲದ ಹಕ್ಕು-ಬೆಳೆಯ ದಾಖಲೆ, ನೋಡುತ್ತಲೇ ನೌಕರಿ ಮುಗಿಸಿದವನು. ಹಾಗಾಗಿ ಪಹಣಿಯಿಂದಲೇ ಹೇಳುತ್ತೇನೆ.

9ನೇ ಕಾಲಂನಲ್ಲಿ ಮಾಲೀಕರ ಹೆಸರು ಇರುತ್ತದೆ. 12ನೇ ಕಾಲಂನಲ್ಲಿ ಸಾಗುವಳಿ ಯಾರದು, ಬೆಳೆ ಯಾವುದು ಅಂತ ಇರಬೇಕು. ನಮ್ಮ ಕಡೆ ಹೊಲಕ್ಕೆ ಹೋಗಿ ನೋಡಿದರೆ ಬಿತ್ತುವವನು ಒಬ್ಬ, ಮಾಲೀಕ ಇನ್ನೊಬ್ಬ. ಕಾಗದದಲ್ಲಿ ಮಾತ್ರ ಸಾಲುಸಾಲಾಗಿ 'ಸ್ವಂತ', 'ಸ್ವಂತ', 'ಸ್ವಂತ'. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಹೊಲ ಗೇಣಿಗೆ ಕೊಡುವುದಕ್ಕೇ ನಿಷೇಧ ಬಂತು. ಸೈನಿಕರಂಥ ಕೆಲವರಿಗಷ್ಟೇ ವಿನಾಯಿತಿ. ಆ ಕಾನೂನಿನಿಂದ ಎಷ್ಟೋ ಗೇಣಿದಾರರು ಹೊಲದ ಒಡೆಯರಾದರು, ಅದನ್ನು ಹಗುರವಾಗಿ ಬರೆಯಬೇಡ. ಆದರೆ ಗೇಣಿ ನಿಂತಿಲ್ಲ. ಲೀಜು, ಪಾಲು ಅಂತ ಬಾಯಿಮಾತಿನಲ್ಲಿ ನಡೆದೇ ಇದೆ. ಬರೆಸಿದರೆ ನಾಳೆ ಹಕ್ಕು ಕೇಳ್ತಾನೆ ಅನ್ನುವ ಭಯ ಮಾಲೀಕನಿಗೆ. ಬರೆಸು ಅಂದರೆ ಮುಂದಿನ ವರ್ಷ ಹೊಲ ಸಿಗೋದಿಲ್ಲ ಅನ್ನುವ ಭಯ ಬಿತ್ತುವವನಿಗೆ.

ಈಗ ಆ ಹೊಲಕ್ಕೆ ಸೋಲಾರ್ ಬಂತು ಅಂದುಕೋ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆ ಹೊಲವನ್ನು ಕೊಳ್ಳದೆ ಗುತ್ತಿಗೆಗೆ ಹಿಡಿದರು. ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಬರದ ಸೀಮೆಯ ಮಾಲೀಕನಿಗೆ ಕೂತಲ್ಲಿ ಬರುವ ದುಡ್ಡು, ಬೇಡ ಅನ್ನುವವರು ಯಾರು? ಆದರೆ ಅದು 9ನೇ ಕಾಲಂನವರ ಖಾತೆಗೆ ಬೀಳುತ್ತದೆ. ಪಾಲಿಗೆ ಮಾಡಿದವನು, ಕಳೆ ತೆಗೆಯುವ ಹೆಂಗಸರು, ಕುರಿ ಮೇಯಿಸುವವರು ಯಾವ ಕಾಗದ ತೋರಿಸಬೇಕು? ಅಂಥವರೇ ನಾಳೆ ಗಂಟುಮೂಟೆ ಕಟ್ಟಿ ಬೆಂಗಳೂರಿನ ಬಸ್ಸು ಹತ್ತುವವರು. ನಿನ್ನ ಮೊದಲ ಎರಡು ಅಧ್ಯಾಯ ಕೂಡುವ ಜಾಗ ಅದೇ. ಅಲ್ಲಿಂದ ಶುರು ಮಾಡು.

ಹಾಗಂತ ಎಲ್ಲಾ ಹೊಸ ಕರೆಂಟನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ. ಕೊಪ್ಪಳ ಜಿಲ್ಲೆಯ ಕುಕನೂರು, ಯಲಬುರ್ಗಾ ಕಡೆ ಗಾಳಿಯ ಫ್ಯಾನು ನಿಂತ ಹೊಲದಲ್ಲಿ ಸುತ್ತ ಬಿತ್ತನೆ ನಡೆಯುತ್ತದೆ. ಸೋಲಾರ್ ಹಲಗೆಗಳ ಕೆಳಗೆ ಜೋಳ ಬಿತ್ತೋಕಾಗಲ್ಲ.

ಶಕ್ತಿನಗರದ ಬಗ್ಗೆ ನೀನು ಬರೆದದ್ದು ಅವಸರದ್ದು. 1985ರಿಂದ ಉರಿಯುತ್ತಿರುವ ನಮ್ಮ ರಾಯಚೂರಿನ ಕಲ್ಲಿದ್ದಲು ಸ್ಥಾವರ ಅದು, 8 ಘಟಕ, 1720 ಮೆಗಾವ್ಯಾಟ್. 'ಮುಚ್ಚಿದರೆ ನೌಕರರ ಗತಿ ಏನು' ಅಂತ ಕೇಳಿದ್ದೀಯ. ಯಾವ ನೌಕರರು? ಕಾಯಂ ನೌಕರನಿಗೆ ವರ್ಗಾವಣೆ ಆದೀತು. ಬೂದಿ ಲೋಡು ಮಾಡುವ ಗುತ್ತಿಗೆ ಕೂಲಿಯವನಿಗೆ? ಗೇಟಿನ ಮುಂದೆ ಮಿರ್ಚಿ-ಮಂಡಕ್ಕಿ ಮಾರುವವಳಿಗೆ? ದಕ್ಷಿಣ ಆಫ್ರಿಕಾದ ಕೊಮಾಟಿಯಲ್ಲಿ 2022ರ ಅಕ್ಟೋಬರ್‌ನಲ್ಲಿ ಕಲ್ಲಿದ್ದಲು ಸ್ಥಾವರ ನಿಲ್ಲಿಸಿದಾಗ ಹಾಗೇ ಆಯಿತು. ಕಾಯಂ ಇದ್ದವರಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಗುತ್ತಿಗೆಯವರು ಬೀದಿಗೆ ಬಿದ್ದರು. ನೀನು ಉದ್ದಕ್ಕೆ ಬರೆದಿರುವುದು ಜರ್ಮನಿಯ ಬಗ್ಗೆ. 2038ರೊಳಗೆ ಕಲ್ಲಿದ್ದಲು ಬಿಡುತ್ತಾರೆ, ಆ ಪ್ರದೇಶಗಳಿಗೆ 40 ಬಿಲಿಯನ್ ಯೂರೋ ತನಕ ಕೊಡುತ್ತಾರೆ, ಎಲ್ಲಾ ಸರಿ. ಆ ದುಡ್ಡೂ ಇಲ್ಲ, ಅಂಥ ಕಾರ್ಮಿಕ ಸಂಘಗಳೂ ಇಲ್ಲ ನಮ್ಮ ಹತ್ತಿರ. ನಮಗೆ ಕೊಮಾಟಿಯೇ ಹತ್ತಿರದ ನೆಂಟ.

ಗುಳೆಯ ಕಾನೂನಿನಲ್ಲೂ ಅದೇ ಕಥೆ. 2025ರಲ್ಲಿ ರದ್ದಾದ 1979ರ ವಲಸೆ ಕಾರ್ಮಿಕರ ಕಾಯ್ದೆಯನ್ನು ದೊಡ್ಡದಾಗಿ ಹೊಗಳಿದ್ದೀಯ. ಅದು ರಾಜ್ಯದ ಗಡಿ ದಾಟಿದವರಿಗೆ, ಅದೂ ಕಾಂಟ್ರಾಕ್ಟರ್ ಮೂಲಕ ಹೋದವರಿಗೆ ಮಾಡಿದ್ದು. ಮೇಸ್ತ್ರಿ ಒಬ್ಬನು ದೇವದುರ್ಗದಿಂದ ಹೈದರಾಬಾದಿಗೆ ಕರೆದೊಯ್ದರೆ ಆ ಕೂಲಿ ಅದರ ಲೆಕ್ಕಕ್ಕೆ ಬರಬಹುದಿತ್ತು. ಅದೇ ಮನುಷ್ಯ ಅದಕ್ಕಿಂತ ದೂರದ ಬೆಂಗಳೂರಿಗೆ ಹೋದರೆ ಅವನು ಲೆಕ್ಕಕ್ಕೇ ಇರಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ನಮ್ಮವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದು ಬಂದಾಗ, ಯಾರು ಎಷ್ಟು ಜನ ಎಲ್ಲಿದ್ದಾರೆ ಅಂತ ಹೇಳುವ ಒಂದು ರಿಜಿಸ್ಟರ್ ಎಲ್ಲಿತ್ತು ಹೇಳು?

ಇನ್ನು ವಸಾಹತು ವಿಷಯ. ಇಲ್ಲಿ ಸ್ವಲ್ಪ ಬೈಯುತ್ತೇನೆ, ಬೇಜಾರಾಗಬೇಡ. 'ಕಲ್ಯಾಣ ಕರ್ನಾಟಕದಲ್ಲಿ ಬ್ರಿಟಿಷ್ ಆಳ್ವಿಕೆ' ಅಂತ ಒಂದೇ ಸಾಲಿನಲ್ಲಿ ಮುಗಿಸಿದರೆ ನಮ್ಮೂರಿನವರು ನಗುತ್ತಾರೆ. ಬಳ್ಳಾರಿಯನ್ನು ನಿಜಾಮ 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ, ಅದು ಮದ್ರಾಸಿನ ಕೈಗೆ ಹೋಯಿತು. ಕೃಷ್ಣಾ-ತುಂಗಭದ್ರೆಯ ನಡುವಿನ ರಾಯಚೂರು ದೋಆಬ್ 1853ರಲ್ಲಿ ಸಾಲದ ಲೆಕ್ಕಕ್ಕೆ ಬ್ರಿಟಿಷರಿಗೆ ಹೋಗಿ, 1860ರಲ್ಲಿ ನಿಜಾಮನಿಗೆ ವಾಪಸ್ ಬಂತು. ಕೊಪ್ಪಳ ನಿಜಾಮನ ದಿವಾನರಾಗಿದ್ದ ಸಾಲಾರ್ ಜಂಗ್ ಮನೆತನದ ಜಹಗೀರು. ಒಂದೊಂದು ಕಡೆ ಒಂದೊಂದು ದಫ್ತರ, ಒಂದೊಂದು ಯಜಮಾನಿಕೆ. ನಿಜಾಮನ ಆಳ್ವಿಕೆ ಮುಗಿದು ನಮಗೆ ಸ್ವಾತಂತ್ರ್ಯ ಬಂದದ್ದೇ 1948ರ ಸೆಪ್ಟೆಂಬರ್‌ನಲ್ಲಿ ಅನ್ನುವುದಾದರೂ ನೆನಪಿರಲಿ.

ಬಳ್ಳಾರಿಯಲ್ಲಿ ಥಾಮಸ್ ಮನ್ರೋ ಕಲೆಕ್ಟರ್ ಆಗಿ ರೈತವಾರಿ ಕಟ್ಟಿದ. ಸರ್ಕಾರಕ್ಕೂ ರೈತನಿಗೂ ನಡುವೆ ಜಮೀನ್ದಾರ ಬೇಡ ಅನ್ನುವುದು ಅವನ ವಾದ. ಒಳ್ಳೆಯದೇ. ಆದರೆ ಪಟ್ಟಾ ಇದ್ದವನೇ ಸರ್ಕಾರದ ಕಣ್ಣಿಗೆ ರೈತ, ಅವನ ಹೊಲದಲ್ಲಿ ದುಡಿಯುವ ಕೂಲಿಯವನಿಗೆ ರಿಜಿಸ್ಟರ್‌ನಲ್ಲಿ ಜಾಗವಿಲ್ಲ. 1876-78ರ ಧಾತು ಬರದಲ್ಲಿ ಆ ಕೂಲಿಯವನೇ ಸರ್ಕಾರದ ಬರ ಪರಿಹಾರದ ಗಂಜಿ ಕೆಲಸಕ್ಕೆ ಬಂದ. ಆಗ ಬರ ನೋಡಲು ಬ್ರಿಟಿಷ್ ಸರ್ಕಾರ ಕಳಿಸಿದ ಅಧಿಕಾರಿ ರಿಚರ್ಡ್ ಟೆಂಪಲ್ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯ, ಮೇಲೆ ಚಿಲ್ಲರೆ ಕಾಸು ಎನ್ನುವ ಮಟ್ಟಕ್ಕೆ ಇಳಿಸಿದ. ಒಂದು ಪೌಂಡ್ ಅಂದರೆ 450 ಗ್ರಾಂ, ಇಡೀ ದಿನ ಮಣ್ಣು ಹೊರುವವನಿಗೆ! ಇಷ್ಟರಲ್ಲಿ ಮನುಷ್ಯ ಬದುಕುವುದಿಲ್ಲ ಅಂತ ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಜಗಳಕ್ಕೇ ನಿಂತ. ಈ ಭಾಗ ನಿನ್ನ ಕರಡಿನಲ್ಲಿ ಇಲ್ಲವೇ ಇಲ್ಲ, ಸೇರಿಸು.

ಆದರೂ ಎಲ್ಲವನ್ನೂ ಬ್ರಿಟಿಷರ ತಲೆಗೆ ಕಟ್ಟಬೇಡ. 12ನೇ ಕಾಲಂನಲ್ಲಿ 'ಸ್ವಂತ' ಅಂತ ಬರೆದದ್ದು ಅವರಲ್ಲ, ನಮ್ಮಂಥ ನೌಕರರು. 1979ರ ಕಾಯ್ದೆಯನ್ನು ಮಾಡಿದ್ದು ನಮ್ಮ ಪಾರ್ಲಿಮೆಂಟು. ಹಳೆಯ ಅಭ್ಯಾಸವನ್ನು ನಾವು ಯಾಕೆ ಇಷ್ಟು ಇಷ್ಟಪಟ್ಟು ಮುಂದುವರಿಸಿದೆವು ಅಂತ ಕೇಳು. ಆ ಪ್ರಶ್ನೆಗೆ ನಿನ್ನ ಗೈಡ್ ಮುಖ ಸಿಂಡರಿಸಿದರೂ ಪರವಾಗಿಲ್ಲ.

ಊರಿಗೆ ಬರುವುದಾದರೆ ಬೇಸಿಗೆಯಲ್ಲಿ ಬರಬೇಡ, ಮುದುಕರು ಮಕ್ಕಳು ಬಿಟ್ಟರೆ ಯಾರೂ ಸಿಗುವುದಿಲ್ಲ. ಮುಂಗಾರು ಬಿದ್ದ ಮೇಲೆ ಬಾ, ಹೋದವರು ಬಿತ್ತನೆಗೆ ತಿರುಗಿ ಬಂದಿರುತ್ತಾರೆ. ಸಂಜೆ ಮೇಲೆ ಮಾತಾಡಿಸು, ಹಗಲು ಕೂಲಿ ಕೆಡಿಸಬೇಡ. ಪಹಣಿ ಈಗ ಆನ್‌ಲೈನಿನಲ್ಲೇ ಸಿಗುತ್ತದೆ. ಸರ್ವೆ ನಂಬರುಗಳನ್ನು ಮೊದಲೇ ಕಳಿಸು, ಪ್ರಿಂಟ್ ತೆಗೆಸಿ ಇಟ್ಟಿರುತ್ತೇನೆ. ಹೊಲದಲ್ಲಿ ನಿಂತು 12ನೇ ಕಾಲಂ ಒಂದೊಂದೇ ತಾಳೆ ನೋಡೋಣ.

ಟಿಕೆಟ್ ಆದ ಮೇಲೆ ಫೋನ್ ಮಾಡು. ನಿನ್ನ ದೊಡ್ಡಮ್ಮ ಶೇಂಗಾ ಹಿಂಡಿ ಮಾಡಿಡುತ್ತಾಳಂತೆ.

ಇತಿ,
ನಿನ್ನ ದೊಡ್ಡಪ್ಪ