ತೊಟ್ಟಿಲನ್ನು ಆರಿಸಿಕೊಂಡವರಿಲ್ಲ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರದ ಉಳಿದ ಸಂಗತಿಗಳಿಗೆ ಆಮೇಲೆ ಉತ್ತರಿಸುತ್ತೇನೆ. ಎರಡು ದಿನಗಳಿಂದ ನನ್ನನ್ನು ಬಿಡದೆ ಕಾಡುತ್ತಿರುವುದು ಒಂದೇ ಸಾಲು. ಬೇರೆ ಮನೆಯಲ್ಲಿ ಹುಟ್ಟಿದ್ದರೆ ಇಷ್ಟೇ ನಿಷ್ಠೆಯಿಂದ ಬೇರೆ ದೇವರನ್ನು ನಂಬುತ್ತಿದ್ದೆ, ಹಾಗಿರುವಾಗ ನನಗೆ ಮುಕ್ತಿಯುಂಟು, ನನ್ನ ಗೆಳತಿಗಿಲ್ಲ ಎನ್ನುವುದು ಯಾವ ನ್ಯಾಯ ಎಂದು ಕೇಳಿದ್ದೀಯೆ. ಕೇಳಿದ್ದು ತಪ್ಪಲ್ಲ. ಆದರೆ ಪ್ರಾರ್ಥನೆಗೆ ಕುಳಿತರೆ ಭಯವಾಗುತ್ತದೆ ಎಂದೂ ಬರೆದಿದ್ದೀಯಲ್ಲ, ಅದನ್ನು ಓದಿ ಪತ್ರವನ್ನು ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಈ ಭಯ ಹಳೆಯದು, ಮಗಳೇ. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿಯೇ, ಯಹೂದ್ಯರ ಮಕ್ಕಳು ಯಹೂದ್ಯರಾಗಿಯೇ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿಯೇ ಬೆಳೆಯುವುದನ್ನು ಕಂಡು, ಬರೀ ಹಿರಿಯರಿಂದ ಕೇಳಿ ನಂಬಿದ್ದರ ಹಿಡಿತ ತನ್ನ ಮೇಲೆ ಹುಡುಗನಾಗಿದ್ದಾಗಲೇ ಸಡಿಲವಾಯಿತೆಂದು 1111ರಲ್ಲಿ ತೀರಿಕೊಂಡ ಇಸ್ಲಾಮಿನ ವಿದ್ವಾಂಸ ಅಲ್‌-ಗಝಾಲಿ ತನ್ನ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾನೆ. ಲಂಡನ್ನಿನಲ್ಲಿ ಒಬ್ಬನನ್ನು ಕ್ರೈಸ್ತನನ್ನಾಗಿಸಿದ ಕಾರಣಗಳೇ ಚೀನದ ಪೀಕಿಂಗಿನಲ್ಲಿ ಅವನನ್ನು ಬೌದ್ಧನನ್ನಾಗಿಸುತ್ತಿದ್ದವು ಎಂಬರ್ಥದ ಮಾತನ್ನು 1859ರಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಬರೆದ. ಧರ್ಮಗಳಿಗೂ ಇದು ಮುಳ್ಳಾಗಿಯೇ ಚುಚ್ಚಿದೆ. ದೂತನನ್ನು ಕಳಿಸದೆ ಶಿಕ್ಷಿಸುವುದಿಲ್ಲ ಎನ್ನುತ್ತದೆ ಕುರಾನಿನ 17ನೆಯ ಅಧ್ಯಾಯ. ತನ್ನದಲ್ಲದ ತಪ್ಪಿನಿಂದ ಕ್ರಿಸ್ತನ ಸುವಾರ್ತೆಯನ್ನು ಅರಿಯದೆ, ಆದರೂ ಪ್ರಾಮಾಣಿಕವಾಗಿ ದೇವರನ್ನು ಅರಸಿ ಆತ್ಮಸಾಕ್ಷಿಯಂತೆ ನಡೆದವರಿಗೂ ರಕ್ಷಣೆ ಸಾಧ್ಯವೆಂದು ಕ್ಯಾಥೊಲಿಕ್ ಸಭೆಯ ಮಹಾಸಮ್ಮೇಳನ 1964ರಲ್ಲಿ ಸಾರಿತು. ಅನ್ಯದೇವತೆಗಳನ್ನು ಶ್ರದ್ಧೆಯಿಂದ ಪೂಜಿಸುವವರೂ ನನ್ನನ್ನೇ ಪೂಜಿಸುತ್ತಾರೆ ಎಂಬ ಗೀತೆಯ 9ನೆಯ ಅಧ್ಯಾಯದ ಮಾತು ನಿನಗೆ ಗೊತ್ತೇ ಇದೆ.

ಆ ಶ್ಲೋಕದ ಕೊನೆಯ ಪದ ಮಾತ್ರ ನನಗೆ ಇಂದಿಗೂ ನುಂಗಲಾರದ ತುತ್ತು: 'ಅವಿಧಿಪೂರ್ವಕಮ್', ಅಂದರೆ ವಿಧಿ ತಪ್ಪಿ. ನನ್ನ ಗೆಳೆಯನೊಬ್ಬ, ಬೇರೆ ಧರ್ಮದಲ್ಲಿ ಹುಟ್ಟಿದವನು, ಹಾಸಿಗೆ ಹಿಡಿದು ಮಲಗಿದ್ದಾಗ, "ನಿಮ್ಮ ಲೆಕ್ಕದಲ್ಲಿ ನಾನು ಎಲ್ಲಿಗೆ ಹೋಗುತ್ತೇನೋ?" ಎಂದು ನಗುತ್ತಲೇ ಕೇಳಿದ. ಈ ಶ್ಲೋಕವನ್ನೇ ಹೇಳಿದೆ. ಪದಪದಕ್ಕೂ ಅರ್ಥ ಬಲ್ಲೆನೆಂಬ ಹಮ್ಮಿನಲ್ಲಿ ಆ ಕೊನೆಯ ಪದವನ್ನೂ ಬಿಡಿಸಿ ಹೇಳಿದೆ. ಅವನು ಹೊದಿಕೆಯ ಅಂಚನ್ನು ಮಡಿಚಿದ, ಬಿಡಿಸಿದ, ಮತ್ತೆ ಮಡಿಚಿದ. ಆಮೇಲೆ ಕಿಟಕಿ ಮುಚ್ಚಲು ಹೇಳಿದ. ನಾವು ಮತ್ತೆ ಮಾತನಾಡಲಿಲ್ಲ. ಮಾತನಾಡುವಷ್ಟು ದಿನ ಅವನಿಗೆ ಉಳಿದಿರಲಿಲ್ಲ. ಎಲ್ಲ ಧರ್ಮಗಳೂ ಪರರಿಗೆ ಬಾಗಿಲು ತೆರೆಯುತ್ತವೆ ನಿಜ, ಆದರೆ ತೆರೆಯುವುದು ತಮ್ಮ ಮನೆಯ ಬಾಗಿಲನ್ನೇ. ಹೊಸ್ತಿಲಲ್ಲಿ ನಿಂತವನಿಗೆ ಅದು ಹೇಗೆ ಕಾಣುತ್ತದೆಂದು ನಾನು ಯೋಚಿಸಿರಲಿಲ್ಲ.

ಆದ್ದರಿಂದ ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗೆಷ್ಟಿದೆಯೋ ಕಾಣೆ. ಪ್ರಾರ್ಥನೆಯನ್ನು ಬಿಡಬೇಡ ಎನ್ನಬಹುದು. ಭಯವಾದ ದಿನ ಬಿಟ್ಟರೂ ಏನೂ ಮುಳುಗಿಹೋಗುವುದಿಲ್ಲ. ಹುಟ್ಟಿನಿಂದ ಬಂದ ನಂಬಿಕೆ ಆ ಕಾರಣಕ್ಕೇ ಸುಳ್ಳಾಗುವುದಿಲ್ಲ. ಮಾತೃಭಾಷೆಯನ್ನೂ ನಾವು ಆರಿಸಿಕೊಂಡಿಲ್ಲ, ಆದರೂ ಅದರಲ್ಲಿ ಸತ್ಯ ನುಡಿಯುತ್ತೇವೆ. ಈ ಹೋಲಿಕೆ ನಿನ್ನ ಭಯವನ್ನು ಪೂರ್ತಿ ಮುಟ್ಟುವುದಿಲ್ಲವೆಂದೂ ಬಲ್ಲೆ. ಭಾಷೆ ಬೇರೆಯಾದ ಮಾತ್ರಕ್ಕೆ ಯಾರೂ ಯಾರನ್ನೂ ನರಕಕ್ಕೆ ಕಳಿಸಿಲ್ಲವಲ್ಲ.

ಇದನ್ನು ನಿನ್ನ ಗೆಳತಿಯೊಡನೆ ಆಡಿದ್ದೀಯಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ನಿನ್ನ ಗತಿಯನ್ನು ನೆನೆದು ಅವಳೂ ರಾತ್ರಿ ಇದೇ ಭಯದಲ್ಲಿ ಕುಳಿತಿರಬಹುದು. ಒಮ್ಮೆ ಕೇಳು, ಶ್ಲೋಕ ಹೇಳಬೇಡ. ಅವಳು ಏನೆಂದಳೆಂದು ನನಗೆ ಬರೆ.

ಇಂತಿ,
ನಿನ್ನ ದೊಡ್ಡಪ್ಪ