ಡಿಎನ್‌ಎ ವರದಿಯ ಗುಣಮಟ್ಟ ಅಳೆಯಲು ಒಂದು ಅಂಕಿ ಸಾಲದು

ಮಾನ್ಯ ಸಂಪಾದಕರೇ,

ಡಿಎನ್‌ಎ ಸೀಕ್ವೆನ್ಸಿಂಗ್ ಮಾಡುವ, ಅಂದರೆ ಡಿಎನ್‌ಎಯ ಎ, ಸಿ, ಜಿ, ಟಿ ಎಂಬ ಅಕ್ಷರಗಳ ಸಾಲನ್ನು ಓದುವ, ಪ್ರಯೋಗಾಲಯಗಳನ್ನು ಹೋಲಿಸಿ ತಮ್ಮ ಪತ್ರಿಕೆ ಪ್ರಕಟಿಸಿದ ಲೇಖನ ಸಕಾಲಿಕವಾಗಿತ್ತು. ಆದರೆ ಅದರಲ್ಲಿ ಗುಣಮಟ್ಟವನ್ನು ‘ಕ್ಯೂ30’ ಎಂಬ ಒಂದೇ ಅಂಕಿಯಿಂದ ಅಳೆದಿರುವುದು ಸರಿಯಲ್ಲವೆಂದು, ಇಂಥ ದತ್ತಾಂಶವನ್ನು ದಿನವೂ ಪರಿಶೀಲಿಸುವ ನನಗೆ ಅನಿಸಿದೆ.

ಕ್ಯೂ30 ಎಂದರೆ ಓದಿದ ಸಾವಿರ ಅಕ್ಷರಗಳಲ್ಲಿ ಒಂದು ತಪ್ಪಿರಬಹುದು ಎಂದು ಯಂತ್ರವೇ ಕಟ್ಟುವ ಅಂದಾಜು. ಮನುಷ್ಯನ ಜೀನೋಮಿನಲ್ಲಿ (ಇಡೀ ಡಿಎನ್‌ಎಯಲ್ಲಿ) ಸುಮಾರು 300 ಕೋಟಿ ಅಕ್ಷರಗಳಿರುವುದರಿಂದ ಪ್ರತಿ ಸ್ಥಾನವನ್ನೂ ಸರಾಸರಿ 30 ಬಾರಿ ಓದಿಸುವುದು ರೂಢಿಯಾಗಿದ್ದು, ಎಲ್ಲೋ ಒಮ್ಮೆ ನುಸುಳಿದ ತಪ್ಪು ಉಳಿದ 29 ಓದುಗಳ ಮುಂದೆ ನಿಲ್ಲುವುದಿಲ್ಲ. ಆದರೆ ಒಂದೇ ಜಾಗದಲ್ಲಿ ಒಂದೇ ರೀತಿ ಎಡವುವ ವಿಧಾನವಾದರೆ ನೂರು ಬಾರಿ ಓದಿಸಿದರೂ ಅದೇ ತಪ್ಪು ಮರುಕಳಿಸುತ್ತದೆ.

ಇತ್ತೀಚೆಗೆ ಒಂದೇ ಮಾದರಿಯನ್ನು ಎರಡು ಪ್ರಯೋಗಾಲಯಗಳು ಓದಿದ ದತ್ತಾಂಶವನ್ನು ಪರದೆಯಲ್ಲಿ ಮೇಲೊಂದು ಕೆಳಗೊಂದು ಇಟ್ಟು ನೋಡುತ್ತಿದ್ದೆ. ಒಂದೆಡೆ ಮೇಲಿನ ಸಾಲಿನಲ್ಲಿ ಒಂದರ ಪಕ್ಕ ಒಂದರಂತೆ ಒಂಬತ್ತು ‘ಎ’ ಅಕ್ಷರಗಳು, ಕೆಳಗಿನದರಲ್ಲಿ ಎಂಟೇ. ಜೀನ್ ಒಳಗೆ ಒಂದಕ್ಷರ ಕಳೆದರೆ ಮೂರು ಮೂರಾಗಿ ಓದಿಕೊಳ್ಳುವ ಪ್ರೋಟೀನಿನ ಸಂಕೇತ ಅಲ್ಲಿಂದ ಮುಂದೆ ಪೂರ್ತಿ ಕದಲುತ್ತದೆ. ಹಾಗಾಗಿ ಇದು ಕೈಬಿಡಬಹುದಾದ ವ್ಯತ್ಯಾಸವಾಗಿರಲಿಲ್ಲ. ಹಳೆಯ ಸ್ಯಾಂಗರ್ ವಿಧಾನದಿಂದ ಮತ್ತೊಮ್ಮೆ ಓದಿಸಿದಾಗ ಒಂಬತ್ತೇ ಸರಿಯೆಂದು ಖಚಿತವಾಯಿತು. ಕೆಳಗಿನದು ನ್ಯಾನೊಪೋರ್ ದತ್ತಾಂಶ. ಆ ವಿಧಾನದಲ್ಲಿ ಡಿಎನ್‌ಎ ಎಳೆ ಸೂಕ್ಷ್ಮ ರಂಧ್ರದಲ್ಲಿ ಹಾಯುವಾಗ ವಿದ್ಯುತ್ ಪ್ರವಾಹದಲ್ಲಾಗುವ ಏರಿಳಿತವನ್ನು ಅಳೆಯುತ್ತಾರೆ. ಒಂದೇ ಅಕ್ಷರ ಸಾಲಾಗಿ ಬಂದರೆ ಏರಿಳಿತ ಕಾಣದೆ ಎಣಿಕೆ ತಪ್ಪುವುದುಂಟು.

ಹಾಗೆಂದು ನ್ಯಾನೊಪೋರ್ ಕೀಳೆಂದು ನಾನು ಹೇಳಲಾರೆ. ಇಲ್ಯುಮಿನಾ ಎಂಬ ಮತ್ತೊಂದು ಬಗೆಯ ಯಂತ್ರಗಳು ಸಾಮಾನ್ಯವಾಗಿ ಒಮ್ಮೆಗೆ 150 ಅಕ್ಷರಗಳಷ್ಟು ಚಿಕ್ಕ ತುಣುಕುಗಳನ್ನು ಓದುತ್ತವೆ. ಆನುವಂಶಿಕ ಕರುಳಿನ ಕ್ಯಾನ್ಸರಿಗೆ ಸಂಬಂಧಿಸಿದ ಪಿಎಂಎಸ್2 ಜೀನ್‌ಗೆ ಅದನ್ನೇ ಬಹುವಾಗಿ ಹೋಲುವ, ಕೆಲಸ ಮಾಡದ ಒಂದು ನಕಲು ಅದೇ ಕ್ರೋಮೊಸೋಮಿನಲ್ಲಿದೆ. ತುಣುಕು ಯಾವುದಕ್ಕೆ ಸೇರಿದ್ದೆಂದು ಅಷ್ಟು ಚಿಕ್ಕ ಓದಿನಿಂದ ಹಲವೆಡೆ ತಿಳಿಯದು. ಅಲ್ಲಿ ಸಾವಿರಾರು ಅಕ್ಷರಗಳನ್ನು ಒಂದೇ ಎಳೆಯಾಗಿ ಓದುವ ನ್ಯಾನೊಪೋರ್, ಪ್ಯಾಕ್‌ಬಯೊ ವಿಧಾನಗಳೇ ಗೆಲ್ಲುತ್ತವೆ. ಒಂದೇ ಬಗೆಯ ಯಂತ್ರವಿರುವ ಎರಡು ಪ್ರಯೋಗಾಲಯಗಳ ಉತ್ತರ ತಾಳೆಯಾದರೆ ಅದು ಸತ್ಯಕ್ಕೆ ಸಾಕ್ಷಿಯಾಗದೆ, ಇಬ್ಬರೂ ಒಂದೇ ಕಡೆ ಎಡವಿದ್ದಾರೆ ಎಂಬುದಕ್ಕೂ ಸಾಕ್ಷಿಯಾಗಬಹುದು.

ನ್ಯಾಯವಾದ ಹೋಲಿಕೆಗೆ ಎಲ್ಲರೂ ಓದಬೇಕಾದದ್ದು, ಉತ್ತರ ಮೊದಲೇ ತಿಳಿದಿರುವ ಒಂದೇ ಡಿಎನ್‌ಎ. ಅಳತೆಯ ಮಾನದಂಡಗಳನ್ನು ರೂಪಿಸುವ ಅಮೆರಿಕದ ನಿಸ್ಟ್ ಸಂಸ್ಥೆ 2015ರಲ್ಲಿ ಇಂಥ ಪ್ರಮಾಣಿತ ಮಾದರಿಯನ್ನು ಬಿಡುಗಡೆ ಮಾಡಿದೆ. ಅದರ ಆರಂಭದ ಉತ್ತರಪಟ್ಟಿ ಜೀನೋಮಿನ ಕಷ್ಟದ ಭಾಗಗಳನ್ನು ಬಹುಮಟ್ಟಿಗೆ ಹೊರಗಿಟ್ಟಿತ್ತು ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಸುಲಭದ ಪ್ರಶ್ನೆಗಳಲ್ಲಿ ಪಡೆದ ಅಂಕವನ್ನು ಎಲ್ಲೆಡೆಗೂ ಅನ್ವಯಿಸಲಾಗದು.

ಮುಂದಿನ ಹೋಲಿಕೆಯಲ್ಲಿ ಪ್ರಮಾಣಿತ ಮಾದರಿಯಲ್ಲಿ ಅಕ್ಷರ ಬದಲಾದ ಕಡೆ ಸಿಕ್ಕ ಅಂಕವನ್ನೂ, ಅಕ್ಷರ ಸೇರಿದ ಅಥವಾ ಕಳೆದ ಕಡೆ ಸಿಕ್ಕ ಅಂಕವನ್ನೂ ಬೇರೆಬೇರೆಯಾಗಿ ಕೇಳಿ ಪ್ರಕಟಿಸಬೇಕೆಂದು ಕೋರುತ್ತೇನೆ. ಜೊತೆಗೆ, ಪರೀಕ್ಷೆ ಮಾಡಿಸಿಕೊಂಡವರ ಜೀನೋಮಿನಲ್ಲಿ ನಂಬಲರ್ಹವಾಗಿ ಓದಲಾಗದೆ ಉಳಿದ ಭಾಗಗಳ ಪಟ್ಟಿಯನ್ನು ವರದಿಯಲ್ಲೇ ಕೊಡುತ್ತೀರಾ ಎಂದು ಪ್ರತಿ ಪ್ರಯೋಗಾಲಯವನ್ನೂ ಕೇಳಿರಿ. ಅದನ್ನು ತಯಾರಿಸಲು ಹೊಸ ಪರೀಕ್ಷೆಯೇನೂ ಬೇಡ. ಬೇಕಾದ ದತ್ತಾಂಶವೆಲ್ಲ ಅವರ ಕಂಪ್ಯೂಟರಿನಲ್ಲೇ ಇರುತ್ತದೆ.

ಇತಿ,
ತಮ್ಮ ಓದುಗ