ಮಗಳಿಗೊಂದು ಪತ್ರ: ಚಕ್ರ ದುಂಡಗಿಲ್ಲದಿದ್ದರೆ ಏನಂತೆ?

ಪ್ರೀತಿಯ ಮಗಳೇ,

ನೀನು ಕಳಿಸಿದ ಚಿತ್ರ ಬಂತು. ದೊಡ್ಡದೊಂದು ವೃತ್ತ, ಅದರೊಳಗೆ ಎಂಟು ಭಾಗ, ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ. ಕೆಲಸಕ್ಕೆ 9, ಹಣಕ್ಕೆ 7, ಕಲಿಕೆಗೆ 6, ಮನೆಯವರಿಗೆ 5, ಆರೋಗ್ಯಕ್ಕೆ 4, ಗೆಳತಿಯರಿಗೆ 3, ಮನರಂಜನೆಗೆ 2. ಅಧ್ಯಾತ್ಮದ ಜಾಗದಲ್ಲಿ ಬರೀ ಪ್ರಶ್ನೆಚಿಹ್ನೆ. ಕೆಳಗೆ ‘ಅಮ್ಮಾ, ನನ್ನ ಲೈಫಲ್ಲಿ ಬ್ಯಾಲೆನ್ಸೇ ಇಲ್ಲ ನೋಡು’ ಅಂತ ಬೇರೆ ಬರೆದಿದ್ದೀಯ. ಫೋನಲ್ಲಿ ಹೇಳಲು ಹೊರಟರೆ ನೀನು ‘ಹೂಂ, ಹೂಂ’ ಅಂತ ಮುಗಿಸಿಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಆ ಚಕ್ರದ ವಿಷಯ. ಆಫೀಸಿನ ತರಬೇತಿಯಲ್ಲಿ ಕೊಟ್ಟರು ಅಂದೆಯಲ್ಲ, ಅದು ಹೊಸದೇನಲ್ಲ. 1960ರ ದಶಕದಲ್ಲಿ ಪಾಲ್ ಮೇಯರ್ ಎಂಬ ಅಮೆರಿಕದವರು ಇದನ್ನು ಬಳಕೆಗೆ ತಂದರು ಅಂತ ಹೇಳುತ್ತಾರೆ. ಯಶಸ್ಸಿನ ಪಾಠ ಹೇಳಿಕೊಡುವುದೇ ಅವರ ವ್ಯಾಪಾರವಾಗಿತ್ತು. ಸಾಧನ ಕೆಟ್ಟದ್ದೇನಲ್ಲ. ಯಾವುದು ಎಲ್ಲಿದೆ ಅಂತ ಒಂದೇ ನೋಟಕ್ಕೆ ಕಾಣುತ್ತದೆ. ಆದರೆ ಅದನ್ನು ತುಂಬಿದವರಿಗೆಲ್ಲ ಒಂದೇ ಆಸೆ ಹುಟ್ಟುತ್ತದೆ. ಚಕ್ರ ದುಂಡಗಾಗಬೇಕು, ಎಂಟೂ ಕಡೆ 8 ಬರಬೇಕು. ನನ್ನ ತಕರಾರು ಇರುವುದು ಅಲ್ಲಿ.

ಲೆಕ್ಕಪತ್ರದಲ್ಲೇ ಕೆಲಸ ಮಾಡಿದವಳು ನಾನು, ನನಗೆ ಮೊದಲು ಕಾಣುವುದು ಗಂಟೆ. ವಾರಕ್ಕೆ 168 ಗಂಟೆ. ಯಾರಿಗೂ ಒಂದು ಗಂಟೆ ಜಾಸ್ತಿ ಇಲ್ಲ, ಕಡಿಮೆಯೂ ಇಲ್ಲ. ದಿನಕ್ಕೆ ಎಂಟು ಗಂಟೆ ನಿದ್ದೆ ಅಂದರೆ 56 ಹೋಯಿತು. ಆರು ದಿನ ಎಂಟೆಂಟು ಗಂಟೆ ಕೆಲಸ ಅಂದರೆ 48. ಉಳಿಯುವುದು 64. ಅದರಲ್ಲೇ ಓಡಾಟ, ಸ್ನಾನ, ಅಡುಗೆ, ಬಟ್ಟೆ, ಸುಮ್ನೆ ಮೊಬೈಲ್ ನೋಡುತ್ತಾ ಕೂತಿದ್ದು, ಎಲ್ಲಾ. ಇನ್ನುಳಿದಿದ್ದನ್ನು ಮನೆ, ಗೆಳತಿಯರು, ಆರೋಗ್ಯ, ಕಲಿಕೆ, ಮನರಂಜನೆ ಅಂತ ಹಂಚಿದರೆ ಒಬ್ಬೊಬ್ಬರ ಪಾಲಿಗೆ ಎಷ್ಟು ಬಂದೀತು? ಎಲ್ಲಕ್ಕೂ 8 ಕೊಡಬೇಕು ಅಂತ ಹೊರಟವರು ಕೊನೆಗೆ ಕೈ ಹಾಕುವುದು ನಿದ್ದೆಗೆ. ನೀನೂ ಅದನ್ನೇ ಮಾಡುತ್ತಿದ್ದೀಯ ಅಂತ ನನಗೆ ಗುಮಾನಿ. ರಾತ್ರಿ ಒಂದೂವರೆಗೆ ಬಂದ ನಿನ್ನ ಮೆಸೇಜುಗಳೇ ಸಾಕ್ಷಿ.

ಈ ಎಂಟು ಗಂಟೆಯ ಲೆಕ್ಕ ತಾನಾಗಿ ಬಂದಿದ್ದಲ್ಲ ಕಣೆ. ಎಂಟು ಗಂಟೆ ಕೆಲಸ, ಎಂಟು ಗಂಟೆ ನಮ್ಮ ಇಷ್ಟದ್ದು, ಎಂಟು ಗಂಟೆ ವಿಶ್ರಾಂತಿ ಎಂಬ ಘೋಷಣೆಯನ್ನು 1817ರಲ್ಲಿ ಕೊಟ್ಟವರು ರಾಬರ್ಟ್ ಓವೆನ್. ತಮಾಷೆ ಅಂದರೆ ಅವರೇ ಹತ್ತಿ ಗಿರಣಿ ನಡೆಸುತ್ತಿದ್ದವರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರಲ್ಲಿ ಮಾಡಿದ ಮೊಟ್ಟಮೊದಲ ಒಪ್ಪಂದವೇ ಕಾರ್ಖಾನೆಯವರಿಗೆ ದಿನಕ್ಕೆ 8, ವಾರಕ್ಕೆ 48 ಗಂಟೆ ಅಂತ ಮಿತಿ ಹಾಕಿದ್ದು. ಮಧ್ಯೆ ನೂರು ವರ್ಷ ಕಳೆದಿದೆ, ಎಷ್ಟೋ ಜನ ಮುಷ್ಕರ ಮಾಡಿ ಕೆಲಸ ಕಳೆದುಕೊಂಡಿದ್ದಾರೆ. ಅವರು ಅಷ್ಟು ಜಗ್ಗಾಡಿ ಪಡೆದಿದ್ದನ್ನು ನೀವು ‘ಇಲ್ಲ ಸರ್, ಪರವಾಗಿಲ್ಲ, ರಾತ್ರಿ ಮಾಡ್ತೀನಿ’ ಅಂತ ಒಂದೇ ಮಾತಿನಲ್ಲಿ ಬಿಟ್ಟುಕೊಡುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆ ಅದೇ ಕಾರ್ಮಿಕ ಸಂಘಟನೆಯ ಜೊತೆ ಸೇರಿ 2021ರಲ್ಲಿ ಒಂದು ಲೆಕ್ಕ ಕೊಟ್ಟಿತ್ತು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ 35 ಶೇಕಡಾ ಜಾಸ್ತಿಯಂತೆ. ಹೃದಯಕ್ಕೆ ರಕ್ತ ಸಾಲದೆ ಸಾಯುವ ಅಪಾಯ 17 ಶೇಕಡಾ ಜಾಸ್ತಿ. ಹೆದರಿಸಲಿಕ್ಕೆ ಹೇಳುತ್ತಿಲ್ಲ. ಸರಿ, ಸ್ವಲ್ಪ ಹೆದರಿಸಲಿಕ್ಕೂ ಹೌದು.

ಈಗ ಚಿತ್ರದ ಹಿಂಬದಿಗೆ ಬರೋಣ. ಅಲ್ಲಿ ‘ನನ್ನ ಐದು ಮೌಲ್ಯಗಳು’ ಅಂತ ಪಟ್ಟಿ ಮಾಡಿದ್ದೀಯ. ಪ್ರಾಮಾಣಿಕತೆ, ಕುಟುಂಬ, ಸ್ವಾತಂತ್ರ್ಯ, ಆರೋಗ್ಯ, ಕಲಿಕೆ. ಚೆನ್ನಾಗಿದೆ. ನಿನ್ನ ಪಕ್ಕದಲ್ಲಿ ಕೂತವಳೂ ಹೆಚ್ಚುಕಮ್ಮಿ ಇದನ್ನೇ ಬರೆದಿರುತ್ತಾಳೆ. ‘ಹೆಸರು ಮಾಡಬೇಕು’, ‘ನಾಲ್ಕು ಜನರ ಮೇಲೆ ನನ್ನ ಮಾತು ನಡೆಯಬೇಕು’ ಅಂತ ಯಾರೂ ಬರೆಯುವುದಿಲ್ಲ. ಯಾಕೆ ನಾಚಿಕೆ? ಶಲೋಮ್ ಶ್ವಾರ್ಟ್ಜ್ ಎಂಬ ಮನಶ್ಶಾಸ್ತ್ರಜ್ಞರು 20 ದೇಶಗಳ ಜನರನ್ನು ಕೇಳಿ, 1992ರಲ್ಲಿ ಮೌಲ್ಯಗಳ ಒಂದು ಪಟ್ಟಿ ಕೊಟ್ಟರು. ಅದರಲ್ಲಿ ಇರುವುದು ಹತ್ತು. ಪರರ ಹಿತದ ಜೊತೆಗೇ ಅಧಿಕಾರ, ಸಾಧನೆ, ಸುಖ ಇವೂ ಇವೆ. ಕೆಲಸಕ್ಕೆ 9 ಕೊಟ್ಟ ಹುಡುಗಿಯ ಪಟ್ಟಿಯಲ್ಲಿ ಸಾಧನೆ ಅನ್ನುವುದೇ ಇಲ್ಲ ಅಂದರೆ ಹೇಗೆ? ನಾವು ಬಜೆಟ್ ಪುಸ್ತಕ ಒಂದು ಕಡೆ, ಖರ್ಚಿನ ಪುಸ್ತಕ ಒಂದು ಕಡೆ ಇಟ್ಟುಕೊಂಡು ತಾಳೆ ನೋಡುತ್ತಿದ್ದೆವು. ನಿನ್ನ ಪಟ್ಟಿ ಬಜೆಟ್ಟು. ಖರ್ಚು ಬೇರೆಯೇ ಹೇಳುತ್ತಿದೆ. ಸಾಧನೆಯ ಆಸೆ ಇದ್ದರೆ ಇದೆ ಅಂತ ಬರೆ. ನಿನ್ನಮ್ಮ ಏನೂ ಅಂದುಕೊಳ್ಳುವುದಿಲ್ಲ.

ಶ್ವಾರ್ಟ್ಜ್ ಆ ಹತ್ತನ್ನೂ ಒಂದು ವೃತ್ತದ ಸುತ್ತ ಜೋಡಿಸಿದ್ದಾರೆ. ಆ ವೃತ್ತ ನನಗೆ ನಿಮ್ಮ ಚಕ್ರಕ್ಕಿಂತ ಇಷ್ಟ. ಅದರಲ್ಲಿ ಅಕ್ಕಪಕ್ಕ ಇರುವವು ಒಂದಕ್ಕೊಂದು ಹೊಂದುತ್ತವೆ, ಎದುರುಬದುರು ಇರುವವು ಜಗಳ ಆಡುತ್ತವೆ. ತನಗೆ ತೋಚಿದಂತೆ ನಡೆಯುವ ಸ್ವಾತಂತ್ರ್ಯದ ಎದುರು ಭದ್ರತೆ, ಸಂಪ್ರದಾಯ. ಸಾಧನೆಯ ಎದುರು ಪರರ ಹಿತ. ಒಂದನ್ನು ಜೋರಾಗಿ ಹಿಡಿದರೆ ಎದುರಿನದು ಸಡಿಲ ಆಗಲೇಬೇಕು. ಹಾಗಾಗಿ ನಿನ್ನೊಳಗೆ ಎಳೆದಾಟ ನಡೆಯುತ್ತಿದೆ ಅಂದರೆ ನಿನ್ನಲ್ಲಿ ಏನೋ ಊನ ಇದೆ ಅಂತಲ್ಲ. ಎರಡು ಒಳ್ಳೆಯದು ಒಟ್ಟಿಗೆ ಬೇಕು ಅಂದವರಿಗೆಲ್ಲ ಅದು ಇದ್ದದ್ದೇ.

ನಿನ್ನ ಪಟ್ಟಿಯಲ್ಲಿ ನನ್ನನ್ನು ಕಾಡಿದ್ದು ಇನ್ನೊಂದು ಇದೆ. ಆ ಐದರಲ್ಲಿ ಎರಡು ಜಾತಿ ಇದೆ. ಕುಟುಂಬ, ಆರೋಗ್ಯ, ಕಲಿಕೆ ಇವು ಗಂಟೆ ಕೇಳುತ್ತವೆ. ಪ್ರಾಮಾಣಿಕತೆ ಒಂದು ನಿಮಿಷವನ್ನೂ ಕೇಳುವುದಿಲ್ಲ. ಅದಕ್ಕೆ ತೆರಬೇಕಾದ್ದು ಬೇರೆ.

ನಾನು ಈ ಹಿಂದೆ ಇದನ್ನು ನಿನಗೆ ಹೇಳಿದ್ದೇನೋ ಇಲ್ಲವೋ. ನಾನಿದ್ದ ಒಂದು ಆಫೀಸಿನಲ್ಲಿ, ಮಾರ್ಚ್ ಮುಗಿದು ಹೊಸ ಲೆಕ್ಕದ ವರ್ಷ ಶುರುವಾದ ಮೇಲೆ, ಸಾಹೇಬರು ಒಂದು ವೋಚರ್ ತಂದು ಮೇಜಿನ ಮೇಲಿಟ್ಟರು. ‘ಹೋದ ತಿಂಗಳ ತಾರೀಖು ಹಾಕಿಬಿಡಮ್ಮ’ ಅಂದರು. ಮೊತ್ತ ದೊಡ್ಡದೇನಲ್ಲ. ತುಂಬಾ ಒಳ್ಳೆಯ ಮನುಷ್ಯ, ದನಿ ಏರಿಸಿ ಮಾತಾಡಿದವರೂ ಅಲ್ಲ. ಅದೇ ಕಷ್ಟ ಆಗಿದ್ದು. ಕೆಟ್ಟವರಿಗೆ ಇಲ್ಲ ಅನ್ನುವುದು ಸುಲಭ. ‘ಆಗಲ್ಲ ಸರ್’ ಅಂದೆ. ಅವರು ಸ್ವಲ್ಪ ಹೊತ್ತು ನಿಂತಿದ್ದು, ಪಿನ್ ಹಾಕಿದ್ದ ಮೂಲೆಯನ್ನು ನೀವಿ, ವೋಚರ್ ತೆಗೆದುಕೊಂಡು ಹೋದರು. ಆ ವರ್ಷದ ಬಡ್ತಿ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇತ್ತೋ ಇಲ್ಲವೋ, ಯಾರಿಗೆ ಗೊತ್ತು. ಇಂಥದ್ದಕ್ಕೆ ಹತ್ತಕ್ಕೆ ಎಷ್ಟು ಅಂತ ಅಂಕ ಹಾಕಲು ಆಗುತ್ತಾ? ಪ್ರಾಮಾಣಿಕತೆಗೆ 6 ಅಂದರೆ ಏನರ್ಥ, ಹತ್ತು ವೋಚರಲ್ಲಿ ನಾಲ್ಕಕ್ಕೆ ಸುಳ್ಳು ತಾರೀಖು ಹಾಕುತ್ತೇನೆ ಅಂತಲೇ?

ಹಾಗಾಗಿ ಬ್ಯಾಲೆನ್ಸ್ ಅನ್ನುವ ಮಾತನ್ನು ಗಂಟೆ ಕೇಳುವ ವಿಷಯಕ್ಕೆ ಮಾತ್ರ ಇಟ್ಟುಕೋ ಅಂತ ನನ್ನ ಅಭಿಪ್ರಾಯ. ಇನ್ನೊಂದು ಜಾತಿಯದ್ದಕ್ಕೆ ಭಾಗ, ಪಾಲು ಇಲ್ಲ. ಆಫೀಸಿಗೊಂದು, ಮನೆಗೊಂದು ಅಂತಲೂ ಇಲ್ಲ. ಎಷ್ಟೋ ಜನರನ್ನು ನೋಡಿದ್ದೇನೆ. ಕೆಲಸದ ಜಾಗದಲ್ಲಿ ‘ಪ್ಲೀಸ್’, ‘ಥ್ಯಾಂಕ್ಸ್’, ಎಲ್ಲರ ಮಾತನ್ನೂ ಪೂರ್ತಿ ಕೇಳುವ ತಾಳ್ಮೆ. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಸಿಡಿಮಿಡಿ. ಅವರು ಮನೆಗೆ ದಿನಕ್ಕೆ ಇನ್ನೆರಡು ಗಂಟೆ ಜಾಸ್ತಿ ಕೊಟ್ಟರೆ ಮನೆಯವರಿಗೆ ಸುಖವೇ? ಸಿಡಿಮಿಡಿ ಎರಡು ಗಂಟೆ ಜಾಸ್ತಿ ಆಗುತ್ತದೆ, ಅಷ್ಟೇ.

ಇನ್ನು ಗಂಟೆ ಕೇಳುವ ವಿಷಯದಲ್ಲಿ ಚಕ್ರ ಯಾವಾಗಲೂ ದುಂಡಗೇ ಇರಬೇಕಾ? ಅಜ್ಜಿ ಹಾಸಿಗೆ ಹಿಡಿದಿದ್ದು ನೆನಪಿದೆಯಲ್ಲ, ನೀನು ಆಗ ಹೈಸ್ಕೂಲು. ಮಗ್ಗುಲು ಬದಲಿಸದೆ ಬಿಟ್ಟರೆ ಬೆನ್ನು ಹುಣ್ಣಾಗುತ್ತದೆ ಅಂತ ನರ್ಸ್ ಹೇಳಿದ್ದರು, ಎರಡೆರಡು ಗಂಟೆಗೆ ಅಲಾರಂ ಇಟ್ಟು ಏಳುತ್ತಿದ್ದೆವು. ಒಂದು ಕೈ ಭುಜದ ಕೆಳಗೆ, ಒಂದು ಕೈ ಸೊಂಟದ ಕೆಳಗೆ, ಬೆನ್ನ ಹಿಂದೆ ದಿಂಬು, ಎರಡು ಮಂಡಿಯ ನಡುವೆ ಇನ್ನೊಂದು ಸಣ್ಣ ದಿಂಬು. ನಿಮ್ಮಪ್ಪ ನನಗಿಂತ ಚೆನ್ನಾಗಿ ಮಾಡುತ್ತಿದ್ದರು. ಆಗ ಯಾರಾದರೂ ಈ ಚಕ್ರ ಕೊಟ್ಟಿದ್ದರೆ ನನ್ನ ಮನರಂಜನೆಗೆ ಸೊನ್ನೆ, ಗೆಳತಿಯರಿಗೆ ಸೊನ್ನೆ, ಆರೋಗ್ಯಕ್ಕೆ 2. ತರಬೇತಿ ಕೊಡುವವರು ನೋಡಿ ಗಾಬರಿಯಾಗುತ್ತಿದ್ದರು. ಆದರೆ ನಾನು ದಾರಿ ತಪ್ಪಿದ್ದೇನೆ ಅಂತ ನನಗೆ ಒಂದು ದಿನವೂ ಅನ್ನಿಸಲಿಲ್ಲ. ಸುಸ್ತಾಗುತ್ತಿತ್ತು. ಸುಸ್ತು ಬೇರೆ, ತಪ್ಪು ದಾರಿ ಬೇರೆ.

ಹಾಗಂತ ಓರೆಕೋರೆ ಎಲ್ಲವೂ ಒಳ್ಳೆಯದೇ ಅಂತಲ್ಲ. ನಾನು ಎರಡು ವಿಷಯ ನೋಡುತ್ತೇನೆ. ಒಂದು, ಇದಕ್ಕೆ ಕೊನೆ ಇದೆಯಾ? ‘ಈ ಪ್ರಾಜೆಕ್ಟ್ ಮುಗಿಯಲಿ’ ಅಂತ ನೀನು ಹೇಳಲು ಶುರುಮಾಡಿ ಎಷ್ಟು ಪ್ರಾಜೆಕ್ಟ್ ಮುಗಿದವು? ಎರಡು, ಇದರ ಖರ್ಚು ಯಾರ ತಲೆ ಮೇಲೆ ಬೀಳುತ್ತಿದೆ, ಅವರಿಗೆ ಅದು ಗೊತ್ತಿದೆಯಾ? ಅಜ್ಜಿಯ ಕಾಲದಲ್ಲಿ ನಿನ್ನನ್ನು ಕೂರಿಸಿಕೊಂಡು ‘ಈ ವರ್ಷ ನಿನ್ನ ಓದಿನ ಕಡೆ ನೋಡಲಿಕ್ಕೆ ಆಗಲ್ಲ, ನೀನೇ ನೋಡಿಕೋಬೇಕು’ ಅಂತ ಹೇಳಿದ್ದೆವು. ನೀನು ಮುಖ ಊದಿಸಿಕೊಂಡು, ಆಮೇಲೆ ಒಪ್ಪಿದೆ. ಈಗ ನಿನ್ನ ಆ ಗೆಳತಿ, ಕಾಲೇಜಿನಿಂದ ಜೊತೆಗಿದ್ದವಳು, ಮೂರು ಸಲ ಫೋನ್ ಮಾಡಿದರೂ ನೀನು ತೆಗೆದಿಲ್ಲವಂತೆ. ನನಗೆ ಮಾಡಿ ‘ಆಂಟಿ, ಅವಳಿಗೆ ನನ್ನ ಮೇಲೆ ಕೋಪಾನಾ?’ ಅಂತ ಕೇಳಿದಳು. ‘ಎರಡು ತಿಂಗಳು ಸಿಗಲ್ಲ ಕಣೆ, ಆಮೇಲೆ ನಾನೇ ಮಾಡ್ತೀನಿ’ ಅಂತ ಒಂದು ಸಾಲು ಕಳಿಸಲು ಎಷ್ಟು ಹೊತ್ತು ಬೇಕು? ಗೆಳತಿಯರಿಗೆ 3 ಅಂತ ಬರೆದಿದ್ದು ನನಗೆ ಬೇಜಾರಿಲ್ಲ. ಆ 3ರ ವಿಷಯ ಅವಳಿಗೆ ಗೊತ್ತಿಲ್ಲ ಅನ್ನುವುದು ಬೇಜಾರು.

ಅಧ್ಯಾತ್ಮದ ಪ್ರಶ್ನೆಚಿಹ್ನೆ ಹಾಗೇ ಇರಲಿ. ಅವಸರ ಇಲ್ಲ. ಹಣದ 7ರ ಬಗ್ಗೆ ಹೇಳುವುದೂ ಏನಿಲ್ಲ, ಸಾಲ ಮಾಡಿಲ್ಲವಲ್ಲ, ಸಾಕು.

ಇನ್ನು ನೀನು ಕೇಳಿದ್ದು. ಟೀಮ್ ಲೀಡ್ ಕೆಲಸ ಒಪ್ಪಿಕೊಳ್ಳಲಾ ಬೇಡವಾ ಅಂತ. ಚಕ್ರ ಇನ್ನೂ ಓರೆಯಾಗುತ್ತದೆ ಅಂತ ಹಿಂಜರಿಯುತ್ತಿದ್ದರೆ ಅದು ಕಾರಣವೇ ಅಲ್ಲ. ನಿನಗೆ ಆ ಕೆಲಸ ಬೇಕು, ನಾಲ್ಕು ಜನರನ್ನು ನಡೆಸುವ ಆಸೆ ಇದೆ, ಅದು ನಿನ್ನ ದನಿಯಲ್ಲೇ ಗೊತ್ತಾಗುತ್ತದೆ. ಹಾಗಿದ್ದರೆ ಒಪ್ಪಿಕೋ. ಒಪ್ಪುವ ಮೊದಲು ವಾರಕ್ಕೆ ಎಷ್ಟು ಗಂಟೆ ಆಗಬಹುದು ಅಂತ ಈಗ ಆ ಕೆಲಸದಲ್ಲಿ ಇರುವವರನ್ನೇ ಕೇಳು, ಮ್ಯಾನೇಜರನ್ನು ಕೇಳಬೇಡ. 55 ದಾಟುತ್ತದೆ ಅಂದರೆ ಇನ್ನೊಬ್ಬರನ್ನು ಕೊಡಿ ಅಂತ ಮೊದಲೇ ಬಾಯಿಬಿಟ್ಟು ಕೇಳು, ಸೇರಿದ ಮೇಲೆ ಯಾರೂ ಕೊಡುವುದಿಲ್ಲ. ಆರು ತಿಂಗಳು ನೋಡುತ್ತೇನೆ ಅಂತ ಒಂದು ತಾರೀಖು ಗುರುತು ಮಾಡಿಕೊಂಡು ನಮಗೂ ಹೇಳು. ಸಂಬಳ ಏರಿಸುತ್ತೇವೆ ಅಂತ ಬಾಯಲ್ಲಿ ಹೇಳಿದ್ದನ್ನು ಮಾತ್ರ ನೆಚ್ಚಿಕೊಂಡು ಕೂರಬೇಡ. ಕಾಗದದ ಮೇಲೆ ಬರೆಸಿಕೋ.

ಇಂತಿ,
ನಿನ್ನ ಅಮ್ಮ